ಜೈವಿಕ ದೀಪ್ತಿ: ಮೊದಲು ಟಾರ್ಚ್ ಆರಿಸಿ

ಬಸವನಹುಳುವಿನ ಮೇಲೆ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಟ್ಟು ಫೋಟೊ ತೆಗೆಯುವುದು, ಅದರ ಕೆಳಗೆ ‘ಜೈವಿಕ ದೀಪ್ತಿ’, ಅಂದರೆ ಜೀವಿ ತಾನೇ ಹುಟ್ಟಿಸುವ ಬೆಳಕು, ಅಂತ ಬರೆಯುವುದು. ಈಚೆಗೆ ಇದು ಜಾಸ್ತಿಯೇ ಆಗಿದೆ.

ಟಾರ್ಚ್ ಆರಿಸಿದರೆ ಆ ಹೊಳಪು ಉಳಿಯುತ್ತದಾ? ಇಲ್ಲ ಅಲ್ವಾ? ಹಾಗಾದರೆ ಅದು ಪ್ರತಿದೀಪ್ತಿ, ಅಂದರೆ ಫ್ಲೋರೆಸೆನ್ಸ್. ಹೊರಗಿನಿಂದ ಬಿದ್ದ ಬೆಳಕನ್ನು ಹೀರಿ, ಬೇರೆ ಬಣ್ಣದಲ್ಲಿ ವಾಪಸ್ ಬಿಡುವುದು ಅಷ್ಟೇ. ಫ್ಲೋರೈಟ್ ಕಲ್ಲೂ ಇದನ್ನು ಮಾಡುತ್ತದೆ. 1852ರಲ್ಲಿ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಈ ಹೆಸರಿಟ್ಟಿದ್ದೇ ಆ ಕಲ್ಲಿನಿಂದ. ಕಲ್ಲು ಮಾಡುವ ಕೆಲಸಕ್ಕೆ ‘ಜೈವಿಕ’ ಅಂತ ಯಾಕೆ ಸೇರಿಸಬೇಕು?

ಜೈವಿಕ ದೀಪ್ತಿಗೆ ಟಾರ್ಚ್ ಬೇಡ. ಬೆಳಕು ಮೈಯೊಳಗೇ ಹುಟ್ಟುತ್ತದೆ. 1887ರಲ್ಲಿ ಫ್ರಾನ್ಸಿನ ವಿಜ್ಞಾನಿ ರಾಫಾಯೆಲ್ ಡುಬೋಯಿ, ಫೋಲಾಸ್ ಎಂಬ ಕಡಲ ಚಿಪ್ಪುಜೀವಿಯಲ್ಲಿ ಇದನ್ನು ತೋರಿಸಿದರು. ತಣ್ಣೀರಿನಲ್ಲಿ ತೆಗೆದ ರಸ ಸ್ವಲ್ಪ ಹೊತ್ತು ಬೆಳಗಿ ಆರಿತು. ಬಿಸಿನೀರಿನಲ್ಲಿ ತೆಗೆದ ರಸ ಬೆಳಗಲೇ ಇಲ್ಲ. ಎರಡನ್ನೂ ಬೆರೆಸಿದರೆ ಮತ್ತೆ ಬೆಳಕು! ತಣ್ಣೀರ ರಸದಲ್ಲಿ ಉರಿಯುವ ವಸ್ತು ಖರ್ಚಾಗಿ, ಅದನ್ನು ಉರಿಸುವ ಕಿಣ್ವ (ಎಂಜೈಮ್) ಮಾತ್ರ ಉಳಿದಿತ್ತು. ಬಿಸಿಗೆ ಕಿಣ್ವ ಕೆಟ್ಟು, ವಸ್ತು ಉಳಿದಿತ್ತು. ವಸ್ತುವಿಗೆ ಲೂಸಿಫೆರಿನ್, ಕಿಣ್ವಕ್ಕೆ ಲೂಸಿಫೆರೇಸ್ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಲೂಸಿಫರ್ ಅಂದರೆ ಬೆಳಕು ತರುವವನು. ಸೈತಾನನಿಗೂ ಅದೇ ಹೆಸರಿದೆ ಅಂತ ಅವನನ್ನು ಸುಮ್ನೆ ಇಲ್ಲಿಗೆ ಎಳೆದು ತರಬೇಡಿ. ಇನ್ನೊಂದು ಮಾತು: ಲೂಸಿಫೆರಿನ್ ಒಂದೇ ರಾಸಾಯನಿಕವಲ್ಲ. ಮಿಂಚುಹುಳದ್ದು ಬೇರೆ, ನ್ಯೂಜಿಲೆಂಡಿನ ತೊರೆಗಳಲ್ಲಿರುವ ಲೇಟಿಯಾ ಎಂಬ ಸಿಹಿನೀರ ಬಸವನಹುಳುವಿನದ್ದು ಬೇರೆ.

ನೆಲದ ಮೇಲಿನ ಬಸವನಹುಳುಗಳಲ್ಲಿ ಬೆಳಕು ಕೊಡುವವು ಬೆರಳೆಣಿಕೆಯಷ್ಟೇ. ಹೆಸರಾದದ್ದು ಸಿಂಗಪುರ, ಮಲೇಷ್ಯಾ ಕಡೆಯ ಕ್ವಾಂಟುಲಾ ಸ್ಟ್ರಿಯಾಟಾ. 1940ರ ದಶಕದಲ್ಲಿ ಜಪಾನಿನ ವಿಜ್ಞಾನಿ ಯತಾ ಹನೇಡಾ ಇದರ ಬೆಳಕನ್ನು ಗುರುತಿಸಿದರು. ಬೆಳಗುವುದು ಚಿಪ್ಪಲ್ಲ, ಲೋಳೆಯೂ ಅಲ್ಲ. ಬಾಯಿಯ ಕೆಳಗೆ, ಪಾದದ ಮುಂತುದಿಯಲ್ಲಿ ಒಂದು ಪುಟ್ಟ ಅಂಗವಿದೆ. ಅದರ ತುಂಬ ದೊಡ್ಡ ದೊಡ್ಡ ಜೀವಕೋಶಗಳು. ಹುಳು ಮೈಚಾಚಿ ತೆವಳುವಾಗ ಅಲ್ಲಿಂದ ಹಸಿರು ಬೆಳಕು ಬಿಟ್ಟುಬಿಟ್ಟು ಮಿನುಗುತ್ತದೆ. ಬ್ಯಾಕ್ಟೀರಿಯಾದಿಂದ ಸಾಲ ತಂದ ಬೆಳಕಲ್ಲ ಅದು, ಸ್ವಂತದ್ದು.

2023ರಲ್ಲಿ ಥೈಲೆಂಡಿನ ಫುಫಾನಿಯಾ ಜಾತಿಯ ಬಸವನಹುಳುಗಳಲ್ಲೂ ಬೆಳಕಿರುವುದು ವರದಿಯಾಯಿತು. ಅವು ಮಿನುಗುವುದಿಲ್ಲ, ಒಂದೇ ಸಮನೆ ಬೆಳಗುತ್ತವೆ.