ತೆಗೆಯಲು ಬರುವಂತೆ ಸೇರಿಸುವುದು ಹೇಗೆ?

ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂದು ಚೌಕಾಬಾರದಲ್ಲಿ ಕಟ್ಟುನಿಟ್ಟು ಮಾಡುವ ಮನೆಗಳಿವೆ. ಹೊಡೆಯದಿದ್ದರೂ ಪರವಾಗಿಲ್ಲ, ಹೋಗಲಿ ಬಿಡಿ ಎನ್ನುವ ಮನೆಗಳೂ ಇವೆ. ಬಸವನಗುಡಿಯ ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಥರ ಆಡುವುದುಂಟು. ಅದರಿಂದ ಯಾರಿಗೂ ತೊಂದರೆಯಾಗಿಲ್ಲ, ಯಾಕೆಂದರೆ ಕವಡೆಗಾಗಲಿ ಮಣೆಗಾಗಲಿ ನಿಯಮ ಗೊತ್ತಿರಬೇಕಾಗಿಲ್ಲ. ‘ನಮ್ಮನೇಲಿ ಹೀಗೆ’ ಅಂತ ಆಟಕ್ಕೆ ಮುಂಚೆ ಒಂದು ಮಾತು ಹೇಳಿದರೆ ಮುಗಿಯಿತು.

ಮಣೆಯೇ ನಿಯಮ ಕಲಿತು ಲೆಕ್ಕ ಹಾಕಲು ಶುರು ಮಾಡಿದರೆ ಮಾತ್ರ ಈ ಒಂದು ಮಾತು ಸಾಲುವುದಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) 1974ರಲ್ಲಿ ಬಂದಾಗ ಕಾಗದ, ಪೆನ್ಸಿಲ್, ದಾಳಗಳ ಆಟವಾಗಿತ್ತು. ಈಗ ರೋಲ್20, ಡಿ ಅಂಡ್ ಡಿ ಬಿಯಾಂಡ್, ಫೌಂಡ್ರಿಯಂಥ ಆನ್‌ಲೈನ್ ವೇದಿಕೆಗಳು ಪಾತ್ರದ ಅಂಕಿಗಳನ್ನು ಬರೆದಿಡುವ ಕ್ಯಾರೆಕ್ಟರ್ ಶೀಟ್ ಇಟ್ಟುಕೊಳ್ಳುತ್ತವೆ, ದಾಳ ಉರುಳಿಸುತ್ತವೆ, ಕೂಡಿಸಿ ಕಳೆದು ಉತ್ತರವನ್ನೂ ಹೇಳುತ್ತವೆ. ಶನಿವಾರ ಸಂಜೆ ಸಿಲ್ಕ್ ಬೋರ್ಡ್ ದಾಟಿ ಸ್ನೇಹಿತರ ಮನೆಗೆ ಹೋಗುವ ಧೈರ್ಯವಿಲ್ಲದ ಬೆಂಗಳೂರಿನ ಗುಂಪುಗಳಿಗೆ ಇದು ದೊಡ್ಡ ಉಪಕಾರ. ಆದರೆ ಪ್ರಕಾಶಕರು ಹೊಸ ನಿಯಮಗಳ ಕರಡನ್ನು ‘ಆಡಿ ನೋಡಿ ಹೇಳಿ’ ಅಂತ ಬಿಟ್ಟಾಗ, ಅಂದರೆ ಪ್ಲೇಟೆಸ್ಟ್ ಬಂದಾಗ, ಈ ವೇದಿಕೆಗಳಿಗೆ ನಿಜವಾದ ಪರೀಕ್ಷೆ. 2012ರ ಮೇ ತಿಂಗಳಲ್ಲಿ ಶುರುವಾದ ಬಹಿರಂಗ ಪ್ಲೇಟೆಸ್ಟಿನಿಂದ ಡಿ ಅಂಡ್ ಡಿಯ 2014ರ ಐದನೇ ಆವೃತ್ತಿ ಹುಟ್ಟಿತು. ಪಾತ್‌ಫೈಂಡರ್ ಎಂಬ ಇದೇ ಥರದ ಆಟ 2018ರಲ್ಲಿ ಕರಡು ಕೊಟ್ಟು 2019ರಲ್ಲಿ ಎರಡನೇ ಆವೃತ್ತಿ ಪ್ರಕಟಿಸಿತು. 2022ರ ಆಗಸ್ಟಿನಲ್ಲಿ ಮತ್ತೆ ಡಿ ಅಂಡ್ ಡಿ ಕರಡುಗಳು ಸಾಲಾಗಿ ಬಂದವು, 2024ರಲ್ಲಿ ಪುಸ್ತಕವಾಯಿತು.

‘ಪಿಡಿಎಫ್ ಆಗಲೇ ಬಂದಿದೆಯಲ್ಲ, ಕಾಪಿ ಮಾಡಿ ಸೈಟಿಗೆ ಹಾಕೋಕೆ ಎಷ್ಟು ಹೊತ್ತು?’ ಎಂದು ಕೇಳುವವರಿದ್ದಾರೆ. ಸಾಫ್ಟ್‌ವೇರಿನಲ್ಲೇ ಹೊಟ್ಟೆಪಾಡು ನಡೆಸುವ ಊರಿನಲ್ಲೂ ಈ ಮಾತು ಕೇಳಿಬರುವುದು ಸೋಜಿಗ. ಹಾಕುವುದು ನಿಜಕ್ಕೂ ಕಷ್ಟವಲ್ಲ. ಕರಡು ನಿಯಮ ಇವತ್ತು ಬಂದು ಮೂರು ತಿಂಗಳಲ್ಲಿ ಬದಲಾಗಿ, ವರ್ಷದಲ್ಲಿ ಇಲ್ಲವಾಗಬಹುದು. ಅಷ್ಟರಲ್ಲಿ ಅದನ್ನು ನಂಬಿ ಸಾವಿರಾರು ಪಾತ್ರಗಳು ಬೆಳೆದಿರುತ್ತವೆ. ಅವು ಮುರಿಯದ ಹಾಗೆ ನಿಯಮವನ್ನು ತೆಗೆಯುವುದು ಕಷ್ಟ.

‘ದಣಿವು’ ಎಂಬ ಸಣ್ಣ ನಿಯಮವನ್ನೇ ಹಿಡಿದು ನೋಡೋಣ. 2014ರ ಪುಸ್ತಕದಲ್ಲಿ ಅದಕ್ಕೆ 6 ಮೆಟ್ಟಿಲು, ಒಂದೊಂದಕ್ಕೆ ಒಂದೊಂದು ಶಿಕ್ಷೆ: ಎರಡನೆಯದಕ್ಕೆ ನಡಿಗೆಯ ವೇಗ ಅರ್ಧ, ನಾಲ್ಕನೆಯದಕ್ಕೆ ಗರಿಷ್ಠ ಪ್ರಾಣಾಂಕ (ಪಾತ್ರ ಎಷ್ಟು ಪೆಟ್ಟು ತಾಳಬಹುದು ಎಂಬ ಅಂಕಿ) ಅರ್ಧ, ಆರನೆಯದಕ್ಕೆ ಸಾವು. 2022ರ ಕರಡೊಂದರಲ್ಲಿ ಈ ಪಟ್ಟಿ ಹೋಗಿ ಸರಳ ಲೆಕ್ಕ ಬಂತು: ಮೆಟ್ಟಿಲಿಗೆ 1ರಂತೆ ಇಪ್ಪತ್ತು ಮುಖದ ದಾಳದ ಉತ್ತರದಲ್ಲಿ ಕಡಿತ, 10 ಮೀರಿದರೆ ಸಾವು. 2024ರ ಪುಸ್ತಕದಲ್ಲಿ ಮತ್ತೆ 6 ಮೆಟ್ಟಿಲು, ಆದರೆ ಮೆಟ್ಟಿಲಿಗೆ 2ರಂತೆ ಕಡಿತ, ಜೊತೆಗೆ ವೇಗದಲ್ಲೂ ಮೆಟ್ಟಿಲಿಗೆ 5 ಅಡಿ ಕಡಿಮೆ.

ಶೀಟಿನಲ್ಲಿ ‘ದಣಿವು: 4’ ಅಂತಷ್ಟೇ ಉಳಿಸಿದ್ದೀರಿ ಎನ್ನಿ. 52 ಪ್ರಾಣಾಂಕ, 30 ಅಡಿ ವೇಗದ ಪಾತ್ರ ಅದು. 2014ರ ಕಣ್ಣಿಗೆ ಅದರ ಗರಿಷ್ಠ ಪ್ರಾಣಾಂಕ 26, ವೇಗ 15. ಕರಡಿನ ಕಣ್ಣಿಗೆ ಎರಡೂ ಹಾಗೇ ಇವೆ, ದಾಳದಲ್ಲಿ 4 ಮಾತ್ರ ಖೋತಾ. 2024ರ ಪ್ರಕಾರ ದಾಳದಲ್ಲಿ 8 ಖೋತಾ, ವೇಗ 10. ಒಂದೇ ಅಂಕಿಗೆ ಮೂರು ಅರ್ಥ! ಇನ್ನೂ ಕೆಟ್ಟದ್ದೆಂದರೆ, ಕರಡಿನ ನಿಯಮದಲ್ಲಿ ದಣಿವು 7 ಇಟ್ಟುಕೊಂಡು ಶುಕ್ರವಾರ ರಾತ್ರಿ ಕುಂಟುತ್ತಾ ಗುಹೆಯಿಂದ ಹೊರಬಿದ್ದ ಪಾತ್ರ, ವೇದಿಕೆಯವರು ಅಂತಿಮ ನಿಯಮಕ್ಕೆ ಬದಲಾಯಿಸಿದ ಬೆಳಿಗ್ಗೆ ಯಾರೂ ಮುಟ್ಟದೆ ಸತ್ತುಬಿದ್ದಿರುತ್ತದೆ. 7ನ್ನು ಪರಿವರ್ತಿಸಿ ಎಂದರೆ, ಎಷ್ಟಕ್ಕೆ? ಕರಡಿನ 7 ಎಂದರೆ 7 ಖೋತಾ. 2024ರಲ್ಲಿ 3ನೇ ಮೆಟ್ಟಿಲಿಗೆ 6, 4ನೆಯದಕ್ಕೆ 8. ನಡುವೆ ಏನೂ ಇಲ್ಲ. ಇಂಥ ಕಡೆ ಯಂತ್ರ ತಾನೇ ತೀರ್ಮಾನಿಸಬಾರದು, ಆಟಗಾರನನ್ನು ಕೇಳಬೇಕು.

ಹಾಗಾಗಿ ಮೊದಲ ಕಟ್ಟಳೆ: ಯಾವ ಅಂಕಿಯನ್ನೂ ಒಂಟಿಯಾಗಿ ಉಳಿಸಬೇಡಿ. ‘ದಣಿವು 4, ಯಾವ ಕರಡಿನ ಎಷ್ಟನೇ ಪರಿಷ್ಕರಣೆ’ ಎಂದು ಎರಡನ್ನೂ ಒಟ್ಟಿಗೆ ಬರೆಯಿರಿ. ಗುರುತಿಗೆ ಹೆಸರು ಸಾಲದು, ಐಡಿಯೇ ಬೇಕು. ಯಾಕೆಂದರೆ ಹಳೆಯ ನಿಯಮಕ್ಕೂ ಹೊಸ ನಿಯಮಕ್ಕೂ ಅದೇ ಹೆಸರು, ಆಟಗಾರರು ಸ್ವಂತಕ್ಕೆ ಮಾಡಿಕೊಂಡ ನಕಲಿಗೂ ಅದೇ ಹೆಸರು.

ಎರಡನೆಯದು, ಲೆಕ್ಕದ ಫಲವನ್ನು ಉಳಿಸಬೇಡಿ, ಲೆಕ್ಕಕ್ಕೆ ಬೇಕಾದ ಸಾಮಾನನ್ನು ಉಳಿಸಿ. ‘ರಕ್ಷಣಾಂಕ 17’ (ಏಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕಿ) ಎಂದು ಬರೆದಿಟ್ಟರೆ ಅದರಲ್ಲಿ ಕರಡು ನಿಯಮದ ಪಾಲು 1 ಇತ್ತೇ 2 ಇತ್ತೇ ಎಂದು ನಾಳೆ ಯಾರಿಗೂ ತಿಳಿಯದು. ಒಂದೊಂದು ನಿಯಮವೂ ತಾನು ಮುಟ್ಟುವುದು ಯಾವ ಅಂಕಿಯನ್ನು, ಎಷ್ಟು, ಯಾವ ಜಾತಿಯ ಬೋನಸ್, ಯಾವ ಷರತ್ತಿನಲ್ಲಿ, ಬಂದದ್ದು ಎಲ್ಲಿಂದ ಎಂಬ ಐದು ಸಂಗತಿಗಳನ್ನು ಹೊತ್ತ ಚೀಟಿಯಾಗಿರಬೇಕು. ಶೀಟ್ ತೆರೆದಾಗಲೆಲ್ಲ ಚೀಟಿಗಳನ್ನು ಕೂಡಿಸಿ ಉತ್ತರ ತೋರಿಸಬೇಕು. ಫೌಂಡ್ರಿಯ ಪಾತ್‌ಫೈಂಡರ್ ಎರಡನೇ ಆವೃತ್ತಿಯ ಸಿಸ್ಟಮ್ ‘ರೂಲ್ ಎಲಿಮೆಂಟ್’ ಎಂಬ ಹೆಸರಿನಲ್ಲಿ ಇದನ್ನೇ ಮಾಡುತ್ತದೆ. ಬೋನಸ್ಸಿನ ಜಾತಿಯನ್ನು ಬಿಡುವಂತಿಲ್ಲ: ಪಾತ್‌ಫೈಂಡರಿನಲ್ಲಿ ಒಂದೇ ಜಾತಿಯ 1 ಮತ್ತು 2 ಸೇರಿದರೆ 3 ಆಗದು, ದೊಡ್ಡದೊಂದೇ ಲೆಕ್ಕಕ್ಕೆ. ಕರಡಿನ 2 ಹೊರಟುಹೋದಾಗ ಅಡಗಿದ್ದ ಹಳೆಯ 1 ತಾನಾಗಿ ಮೇಲೆ ಬರಬೇಕು.

ಚೀಟಿಗೆ ಬಗ್ಗದ ನಿಯಮಗಳೂ ಬರುತ್ತವೆ. 2022ರ ಆಗಸ್ಟಿನ ಕರಡು ‘ಕ್ರಿಟಿಕಲ್ ಹೊಡೆತಕ್ಕೆ ಆಯುಧದ ದಾಳಗಳು ಮಾತ್ರ ದುಪ್ಪಟ್ಟು’ ಎಂದಿತು. ದಾಳದಲ್ಲಿ 20 ಬಿದ್ದಾಗಿನ ಹೊಡೆತವೇ ಕ್ರಿಟಿಕಲ್. ಐದನೇ ಹಂತದ ರೋಗ್ (ಹೊಂಚು ಹಾಕಿ ಹೊಡೆಯುವ ಬಗೆಯ ಪಾತ್ರ) ಒಬ್ಬ ಕತ್ತಿಗೆ ಒಂದು ಎಂಟು ಮುಖದ ದಾಳ, ಹೊಂಚುದಾಳಿಗೆ ಮೂರು ಆರು ಮುಖದ ದಾಳ, ಮೇಲೆ 4 ಹಾಕುತ್ತಾನೆ. ಹಳೆಯ ನಿಯಮದಲ್ಲಿ ಎಲ್ಲ ದಾಳಗಳೂ ದುಪ್ಪಟ್ಟಾಗಿ ಸರಾಸರಿ 34 ಪೆಟ್ಟು. ಕರಡಿನಲ್ಲಿ 23.5 ಮಾತ್ರ. ರೋಗ್ ಆಡುವವರು ಗಲಾಟೆ ಮಾಡಿದ್ದು ಸುಮ್ಮನೆ ಅಲ್ಲ. ನಮಗೆ ಮುಖ್ಯವಾದದ್ದು ಬೇರೆ. ಈ ಮೂರು ತುಂಡುಗಳನ್ನು ವೇದಿಕೆ ಮೊದಲೇ ಕಲಸಿ ‘1ಡಿ8+3ಡಿ6+4’ ಅಂತ ಒಂದೇ ಸಾಲು ಮಾಡಿಟ್ಟಿದ್ದರೆ, ಯಾವ ದಾಳ ಆಯುಧದ್ದು, ಯಾವುದು ಹೊಂಚಿನದು ಅಂತ ಬಿಡಿಸಲು ಆಗುವುದೇ ಇಲ್ಲ. ಆಗ ಇದು ಡೇಟಾ ತುಂಬುವವರ ಕೆಲಸವಾಗಿ ಉಳಿಯದೆ ಎಂಜಿನ್ ಬಿಚ್ಚುವವರ ಕೆಲಸವಾಗುತ್ತದೆ. 2024ರ ಪುಸ್ತಕದಲ್ಲಿ ಈ ನಿಯಮ ಉಳಿಯಲೇ ಇಲ್ಲ. ಇಂಥದ್ದಕ್ಕೆ ಎಂಜಿನ್ ಬಿಚ್ಚದೆ, ನಿಯಮದ ಪಠ್ಯ ತೋರಿಸಿ ಪೆಟ್ಟಿನ ಲೆಕ್ಕವನ್ನು ಆಟಗಾರನ ಕೈಯಲ್ಲೇ ತಿದ್ದಲು ಬಿಡುವುದು ನನ್ನ ಪ್ರಕಾರ ಜಾಣತನ.

ಕೈಬಿಟ್ಟ ಕರಡನ್ನು ಅಳಿಸಲೇಬಾರದು. ಅದೇ ಆಗಸ್ಟಿನ ಕರಡಿನಲ್ಲಿ ಪ್ರಾಣಿಮುಖದ ‘ಆರ್ಡ್‌ಲಿಂಗ್’ ಎಂಬ ಕುಲವಿತ್ತು, 2024ರ ಪುಸ್ತಕದಲ್ಲಿ ಇಲ್ಲ. ಡೇಟಾಬೇಸಿನಿಂದ ಆ ಸಾಲನ್ನು ಕಿತ್ತರೆ, ಅದನ್ನು ತೋರಿಸುತ್ತಿದ್ದ ಪ್ರತಿ ಪಾತ್ರವೂ ಇಲ್ಲದ ವಿಳಾಸಕ್ಕೆ ಹೋದ ಅಂಚೆಯಾಗುತ್ತದೆ, ಶೀಟ್ ತೆರೆಯುವುದೇ ಇಲ್ಲ. ಬದಲಿಗೆ ಪ್ರತಿ ನಿಯಮಕ್ಕೂ ಕರಡು, ಪ್ರಕಟಿತ, ಹಿಂಪಡೆದದ್ದು ಎಂಬ ಸ್ಥಿತಿ ಬರೆದಿಡಬೇಕು. ಹಿಂಪಡೆದದ್ದು ಹೊಸ ಪಾತ್ರ ಕಟ್ಟುವವರ ಪಟ್ಟಿಯಲ್ಲಿ ಕಾಣಬಾರದು, ಈಗಾಗಲೇ ಆರಿಸಿಕೊಂಡವರಿಗೆ ಇದ್ದ ಹಾಗೇ ನಡೆಯಬೇಕು. ಆಟ ನಡೆಸಿಕೊಡುವ ಡಿಎಂ ತನ್ನ ಕ್ಯಾಂಪೇನಿನಲ್ಲಿ, ಅಂದರೆ ಸಂಜೆಯಿಂದ ಸಂಜೆಗೆ ಬೆಳೆಯುವ ಕಥೆಯಲ್ಲಿ, ಪ್ಲೇಟೆಸ್ಟ್ ಸ್ವಿಚ್ ಆಫ್ ಮಾಡಿದಾಗಲೂ ಅಷ್ಟೇ: ಆಟಗಾರನ ಆಯ್ಕೆ ಮರೆಯಾಗಲಿ, ಅಳಿಯುವುದು ಬೇಡ. ತಪ್ಪಿ ಆಫ್ ಮಾಡಿ ಐದು ನಿಮಿಷದಲ್ಲಿ ಮತ್ತೆ ಆನ್ ಮಾಡುವ ಡಿಎಂಗಳು ಎಲ್ಲ ಕಡೆ ಇದ್ದಾರೆ.

ಸ್ವಿಚ್ ಎಂದೊಡನೆ ಟೆಸ್ಟರುಗಳ ಎದೆ ಬಡಿತ ಏರುತ್ತದೆ. 10 ಕರಡು ಕಂತೆಗಳು, ಪ್ರತಿಯೊಂದಕ್ಕೂ ಆನ್-ಆಫ್. ಒಟ್ಟು 1024 ಜೋಡಣೆ. ಎಲ್ಲವನ್ನೂ ಆಡಿ ನೋಡುವುದು ಆಗದ ಮಾತು. ಆದರೆ ನಿಯಮ ಜಗಳಗಳಲ್ಲಿ ಹೆಚ್ಚಿನವು ಎರಡೆರಡು ಕಂತೆಗಳ ನಡುವಿನವು. ಯಾವುದೇ ಎರಡು ಕಂತೆ ತೆಗೆದುಕೊಂಡರೂ ಎರಡೂ ಆನ್, ಎರಡೂ ಆಫ್, ಒಂದು ಆನ್ ಇನ್ನೊಂದು ಆಫ್, ಅದರ ತಿರುಗುಮುರುಗು ಎಂಬ ನಾಲ್ಕೂ ಸ್ಥಿತಿ ಎಲ್ಲಾದರೂ ಒಮ್ಮೆ ಬಂದರೆ ಸಾಕು ಎಂದುಕೊಳ್ಳೋಣ. ಅದಕ್ಕೆ ಎಷ್ಟು ಪರೀಕ್ಷೆ ಬೇಕು? 6. ತಪ್ಪಾಗಿ ಓದಲಿಲ್ಲ, ಆರೇ.

ಮೊದಲ ಪರೀಕ್ಷೆಯಲ್ಲಿ ಹತ್ತೂ ಆಫ್. ಉಳಿದ 5 ಪರೀಕ್ಷೆಗಳಲ್ಲಿ ಪ್ರತಿ ಕಂತೆಯೂ ಸರಿಯಾಗಿ 3ರಲ್ಲಿ ಆನ್ ಇರಲಿ. 5ರಲ್ಲಿ 3ನ್ನು ಆರಿಸುವ ಬಗೆಗಳು 10, ನಮ್ಮ ಕಂತೆಗಳೂ 10, ಹಾಗಾಗಿ ಪ್ರತಿ ಕಂತೆಗೂ ಬೇರೆ ಬೇರೆ ಮೂವರ ಗುಂಪು ಸಿಗುತ್ತದೆ. ಈಗ ಯಾವುದಾದರೂ ಎರಡು ಕಂತೆ ಹಿಡಿಯಿರಿ. ಒಂದಕ್ಕೆ 3, ಇನ್ನೊಂದಕ್ಕೆ 3, ಸೇರಿ 6, ಇರುವ ಪರೀಕ್ಷೆ 5. ಎಲ್ಲೋ ಒಂದು ಕಡೆ ಎರಡೂ ಆನ್ ಆಗಲೇಬೇಕು. ಎರಡರ ಗುಂಪುಗಳು ಬೇರೆಯಾದ್ದರಿಂದ ಇದರಲ್ಲಿದ್ದು ಅದರಲ್ಲಿಲ್ಲದ ಪರೀಕ್ಷೆ ಒಂದಾದರೂ ಇದ್ದೇ ಇರುತ್ತದೆ, ಅದರಲ್ಲಿದ್ದು ಇದರಲ್ಲಿಲ್ಲದ್ದೂ ಇರುತ್ತದೆ. ಎರಡೂ ಆಫ್ ಆಗುವುದು ಮೊದಲ ಪರೀಕ್ಷೆಯಲ್ಲೇ ಮುಗಿದಿದೆ. ನಾಲ್ಕೂ ಸ್ಥಿತಿ ಸಿಕ್ಕಿತು! ಕಂತೆ 11 ಆದರೆ ಈ ಉಪಾಯ ಆರಕ್ಕೆ ನಿಲ್ಲದು, ಏಳನೇ ಪರೀಕ್ಷೆ ಬೇಕು. ಹೊರವರ್ತುಲ ರಸ್ತೆಯ ಆಫೀಸುಗಳಲ್ಲಿ ‘ಪೇರ್‌ವೈಸ್’ ಎಂದು ದಿನಾ ಬಳಸುವ ಉಪಕರಣಗಳ ಹಿಂದೆ ಇರುವುದು ಈ ಥರದ ಎಣಿಕೆಯೇ.

ಇದರ ಮಿತಿಯೂ ಗೊತ್ತಿರಬೇಕು. ಮೂರು ಕಂತೆ ಸೇರಿದಾಗ ಮಾತ್ರ ಕಾಣುವ ದೋಷ ಇದರ ಕೈಗೆ ಸಿಗಬಹುದು, ಸಿಗದೆಯೂ ಇರಬಹುದು. ಒಂದೇ ನಿಯಮದ ಎರಡು ಕರಡುಗಳು ಒಟ್ಟಿಗೆ ಆನ್ ಆಗುವಂತಿಲ್ಲದಿದ್ದರೆ ಅವನ್ನು ಮೂರು ಸ್ಥಾನದ ಒಂದು ಸ್ವಿಚ್ ಎಂದು ಹಿಡಿದು ಪಟ್ಟಿಯನ್ನು ಹೊಸದಾಗಿ ಹಾಕಬೇಕು. ಹತ್ತೂ ಆಫ್ ಇರುವ ಮೊದಲ ಸಾಲಿನ ಉತ್ತರ ಪ್ಲೇಟೆಸ್ಟ್ ಬರುವುದಕ್ಕೆ ಮುಂಚಿನ ಉತ್ತರದ ಜೊತೆ ಅಕ್ಷರಶಃ ಒಂದೇ ಆಗಿರಬೇಕು. ಕರಡು ಮುಟ್ಟದವರ ಶೀಟ್ ಕೆಟ್ಟರೆ ಅದಕ್ಕೆ ಕ್ಷಮೆಯಿಲ್ಲ.

ಇನ್ನು ದಾಳದ ಮೂಢನಂಬಿಕೆ. ‘ಪ್ಲೇಟೆಸ್ಟ್ ಆನ್ ಮಾಡಿದ ಮೇಲೆ ನನಗೆ 20 ಬೀಳೋದೇ ನಿಂತುಹೋಗಿದೆ, ದಾಳ ಫಿಕ್ಸ್ ಆಗಿದೆ.’ ಇಪ್ಪತ್ತು ಮುಖದ ನ್ಯಾಯವಾದ ದಾಳವನ್ನು 50 ಸಲ ಉರುಳಿಸಿದರೂ ಒಂದೂ 20 ಬೀಳದಿರುವ ಸಾಧ್ಯತೆ ಸುಮಾರು ಶೇ 7.7. ನೂರು ಜನ ಆಡಿದರೆ ಏಳೆಂಟು ಮಂದಿಗೆ ಈ ‘ಗ್ರಹಚಾರ’ ಗ್ಯಾರಂಟಿ ಎನ್ನಬಹುದು, ದೂರು ಕೊಡುವವರೂ ಅವರೇ. ನಿಜವಾದ ದೋಷ ಇರಲಾರದು ಅಂತಲ್ಲ. 0ಯಿಂದ 255ರವರೆಗಿನ ಒಂದು ಬೈಟ್ ತೆಗೆದುಕೊಂಡು 20ರಿಂದ ಭಾಗಿಸಿ, ಶೇಷಕ್ಕೆ 1 ಸೇರಿಸುವ ಅವಸರದ ಕೋಡ್ ಬರೆದರೆ, 256ರಲ್ಲಿ 20ರ ಹನ್ನೆರಡು ಪೂರ್ತಿ ಸುತ್ತು ಮುಗಿದು 16 ಉಳಿಯುತ್ತದೆ. 1ರಿಂದ 16ರವರೆಗಿನ ಮುಖಗಳಿಗೆ 13 ಅವಕಾಶ, 17ರಿಂದ 20ಕ್ಕೆ 12. ಅಂದರೆ 20 ಬೀಳುವುದು ಶೇ 5ರ ಬದಲು 4.69. ಪರಿಹಾರ ಸುಲಭ: ಬೈಟ್ 240 ಅಥವಾ ಅದಕ್ಕಿಂತ ಹೆಚ್ಚಾದರೆ ಬಿಸಾಕಿ ಇನ್ನೊಂದು ತೆಗೆದುಕೊಳ್ಳಿ. ಆದರೆ 10,000 ಸಲ ಉರುಳಿಸಿದರೂ ಈ ದೋಷದಿಂದ 500ರ ಬದಲು 469 ಬಿದ್ದೀತು, ಸಹಜ ಏರಿಳಿತವೇ 22ರ ಆಸುಪಾಸು. ಅನುಭವದಿಂದ ಹಿಡಿಯುವ ದೋಷವಲ್ಲ ಇದು, ಕೋಡ್ ಓದಿ ಹಿಡಿಯಬೇಕಾದ್ದು.

ಪ್ಲೇಟೆಸ್ಟಿನ ಅಭಿಪ್ರಾಯಗಳದ್ದೂ ಇದೇ ಪಾಡು. ಹೊಸ ನಿಯಮದಿಂದ ಏಟು ತಾಗುವ ಸಾಧ್ಯತೆ ಶೇ 60ರಿಂದ 65ಕ್ಕೆ ಏರಿದೆಯೇ ಎಂದು ನೆಚ್ಚಿಕೊಳ್ಳುವ ಹಾಗೆ ಹೇಳಲು ಹಳೆಯದರಲ್ಲಿ ಸುಮಾರು 1500, ಹೊಸದರಲ್ಲಿ 1500 ಏಟು ಬೇಕು. ಒಬ್ಬರಿಗೆ ಸಂಜೆಗೆ 20 ಏಟು ಎಂದಿಟ್ಟುಕೊಂಡರೆ ಒಟ್ಟು 150 ಸಂಜೆ. ವಾರಕ್ಕೊಮ್ಮೆ ಆಡುವವರಿಗೆ ಸುಮಾರು ಮೂರು ವರ್ಷ. ‘ಆಡಿದ ಮೊದಲ ದಿನವೇ ಗೊತ್ತಾಯಿತು, ಈ ನಿಯಮ ಜಾಸ್ತಿಯಾಯಿತು’ ಎನ್ನುವವರಿಗೆ ಗೊತ್ತಾದದ್ದು ಆ ದಿನದ ದಾಳದ ಮನಸ್ಸು ಮಾತ್ರ.

ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣ ಓಡುವ ರಥದಿಂದ ತಾರೆ ಮರವೊಂದನ್ನು ನೋಡಿ ಅದರ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ಪ್ರಾಚೀನ ಕಾಲದಲ್ಲಿ ದಾಳವಾಗಿ ಉರುಳುತ್ತಿದ್ದದ್ದು ತಾರೆಕಾಯಿಯೇ. ನಳ ಸುಮ್ಮನೆ ತಲೆಯಾಡಿಸಲಿಲ್ಲ, ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿದ. ಅಕ್ಷಹೃದಯ, ಅಂದರೆ ದಾಳದ ಗುಟ್ಟಿನ ವಿದ್ಯೆ, ಅವನಿಗೆ ಸಿಕ್ಕಿದ್ದು ಆಮೇಲೆ. ನಾನು ನಳನ ಪಕ್ಷ.

ವೇದಿಕೆಗಳಿಗೆ ಮರ ಕಡಿಯಬೇಕಾಗಿಲ್ಲ, ಬಿದ್ದ ಪ್ರತಿ ದಾಳದ ದಾಖಲೆ ಸರ್ವರಿನಲ್ಲಿ ಇರುತ್ತದೆ. ಸಾವಿರ ಗುಂಪುಗಳ ಒಂದು ವಾರದ ಆಟದಲ್ಲಿ 3000 ಏಟು ಆರಾಮಾಗಿ ಸಿಗುತ್ತದೆ. ಆದರೆ ಆ ದಾಖಲೆಯಲ್ಲಿ ದಾಳದ ಅಂಕಿಯ ಪಕ್ಕ ಯಾವ ಕರಡು, ಎಷ್ಟನೇ ಪರಿಷ್ಕರಣೆ, ಆಗ ಯಾವ್ಯಾವ ಸ್ವಿಚ್ ಆನ್ ಇತ್ತು ಎಂಬುದೂ ಇರಬೇಕು. ನಡುವಾರದಲ್ಲಿ ಕರಡನ್ನು ಸದ್ದಿಲ್ಲದೆ ತಿದ್ದಿ ಪರಿಷ್ಕರಣೆಯ ಸಂಖ್ಯೆ ಏರಿಸಲು ಮರೆತರೆ ಹಳೆಯ ಏಟೂ ಹೊಸ ಏಟೂ ಒಂದೇ ರಾಶಿಗೆ ಬೀಳುತ್ತವೆ. ಆ ವಾರದ ದಾಖಲೆಯನ್ನು ಬದಿಗಿಟ್ಟು ಮುಂದಿನ ವಾರದಿಂದ ಎಣಿಕೆ ಶುರು ಮಾಡಬೇಕಾಗುತ್ತದೆ.