ಕಿರುಬೆರಳಿನ ನೋವು ತಡವಾಗಿ ಬರುವುದೇಕೆ?

ಕತ್ತಲಲ್ಲಿ ಕಾಲಿನ ಕಿರುಬೆರಳು ಮಂಚದ ಕಾಲಿಗೆ ಬಡಿಯಿತು ಎನ್ನಿ. ಬಡಿದದ್ದು ತಕ್ಷಣ ತಿಳಿಯುತ್ತದೆ. ಚುಳ್ಳೆನ್ನುವ ಮೊದಲ ನೋವೂ ಅದರ ಬೆನ್ನಲ್ಲೇ ಬರುತ್ತದೆ. ಆಮೇಲೊಂದು ವಿಚಿತ್ರ ಬಿಡುವು, ಹಲ್ಲು ಕಚ್ಚಿ ಕಾಯುವಷ್ಟು. ಅದಾದ ಮೇಲೆಯೇ ಜೀವ ಹಿಂಡುವ ನೋವು. ನರವೆಂದರೆ ಕರೆಂಟಿನ ತಂತಿ ಎಂದು ಸಲೀಸಾಗಿ ಹೇಳಿಬಿಡುವವರು ಈ ಬಿಡುವಿಗೆ ಏನು ಹೇಳುತ್ತಾರೋ!

ನರಸಂದೇಶದ ವೇಗವನ್ನು ಅಳೆಯಲಾಗದು ಎಂದೇ ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಜೊಹಾನೆಸ್ ಮುಲ್ಲರ್‌ರಂಥ ಘಟಾನುಘಟಿಯೂ ನಂಬಿದ್ದರು. ಅವರ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರ ಹೊತ್ತಿಗೆ ಅಳೆದೇಬಿಟ್ಟರು. ಕಪ್ಪೆಯ ಕಾಲಿನ ಸ್ನಾಯುವನ್ನು ನರದ ಸಮೇತ ಬಿಡಿಸಿಟ್ಟು, ನರವನ್ನು ಒಮ್ಮೆ ಸ್ನಾಯುವಿನ ಹತ್ತಿರ, ಇನ್ನೊಮ್ಮೆ ದೂರದಲ್ಲಿ ವಿದ್ಯುತ್ತಿನಿಂದ ಕೆಣಕಿದರು. ಸ್ನಾಯು ಸೆಟೆಯಲು ಹಿಡಿದ ಹೊತ್ತಿನ ವ್ಯತ್ಯಾಸದಿಂದ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 27 ಮೀಟರ್. ಗಾಳಿಯಲ್ಲಿ ಶಬ್ದ ಸಾಗುವ ವೇಗದ ಹತ್ತನೇ ಒಂದು ಪಾಲೂ ಅಲ್ಲ!

ಏಕೆಂದರೆ ಇಲ್ಲಿ ಕರೆಂಟು ಉದ್ದಕ್ಕೂ ಹರಿಯುವುದೇ ಇಲ್ಲ. ನರತಂತುವಿನ ಒಳಮೈ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ಒಂದೆಡೆ ಪೊರೆಯ ಬಾಗಿಲು ತೆರೆದರೆ ಸೋಡಿಯಂ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಸೋಡಿಯಂ ಕಣಗಳು, ಒಳನುಗ್ಗುತ್ತವೆ. ಆ ಗಲಾಟೆಗೆ ಪಕ್ಕದ ಬಾಗಿಲು ತೆರೆಯುತ್ತದೆ, ಅದರಿಂದ ಅದರಾಚೆಯದು. ಪಟಾಕಿಯ ಬತ್ತಿ ಉರಿದಂತೆ ಎನ್ನೋಣವೇ? ಪ್ರತಿ ಜಾಗವೂ ತನ್ನ ಮದ್ದನ್ನೇ ಸುಡುವುದರಿಂದ ಕಿಡಿ ಎಷ್ಟು ದೂರ ಹೋದರೂ ಸೊರಗುವುದಿಲ್ಲ. ಆದರೆ ಬತ್ತಿ ಒಮ್ಮೆಗೇ ಬೂದಿ. ನರವೋ ಪೊಟ್ಯಾಸಿಯಂ ಅನ್ನು ಹೊರಬಿಟ್ಟು ಕೆಲವೇ ಮಿಲಿಸೆಕೆಂಡುಗಳಲ್ಲಿ ಮತ್ತೆ ಸಜ್ಜು. ನಿಲ್ಲಿಸಿದ ಇಸ್ಪೀಟೆಲೆಗಳು ಸಾಲಾಗಿ ಉರುಳಿ, ತಾವೇ ಎದ್ದು ನಿಂತಂತೆ ಎಂದರೆ ಇನ್ನೂ ಸರಿ.

ಬಾಗಿಲು ಬಾಗಿಲಿಗೂ ನಿಂತು ಹೋದರೆ ತಡವಾಗದೇ? ಅದಕ್ಕೇ ವೇಗದ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ನಡುನಡುವೆ ಬಿಟ್ಟ ಸಂದುಗಳಲ್ಲಷ್ಟೇ ಬಾಗಿಲುಗಳು. ಸಂದೇಶ ಸಂದಿನಿಂದ ಸಂದಿಗೆ ನೆಗೆಯುತ್ತದೆ. ಈ ಹೊದಿಕೆಯಿಲ್ಲದ ಸ್ಕ್ವಿಡ್ ಎಂಬ ಕಡಲಜೀವಿ ತಂತುವನ್ನೇ ಮಿಲಿಮೀಟರಿನಷ್ಟು ದಪ್ಪ ಮಾಡಿಕೊಂಡು ವೇಗ ಗಳಿಸಿತು. ನಮ್ಮ ಮಿದುಳು, ಬೆನ್ನುಹುರಿಗಳನ್ನು ಆ ಲೆಕ್ಕದಲ್ಲಿ ಕಟ್ಟಿದ್ದರೆ ಹೊರುವವರಾರು?

ಈಗ ಕಿರುಬೆರಳಿಗೆ ಬರೋಣ. ಸ್ಪರ್ಶದ ತಂತು ಹೊದಿಕೆಯುಳ್ಳದ್ದು, ಸೆಕೆಂಡಿಗೆ 50 ಮೀಟರಿನ ಆಸುಪಾಸು. ಬೆರಳ ತುದಿಯಿಂದ ಮಿದುಳಿನ ಬುಡದವರೆಗೆ ಒಂದೇ ಜೀವಕೋಶದ ಎಳೆ! ಚುಳ್ಳೆನ್ನುವ ನೋವಿನದು ತೆಳು ಹೊದಿಕೆ. ಹಿಂಡುವ ನೋವಿನ ತಂತುವಿಗೆ ಹೊದಿಕೆಯೇ ಇಲ್ಲ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಅದು ಬೆನ್ನುಹುರಿ ಮುಟ್ಟುವುದಕ್ಕೇ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಮಿದುಳಿನ ಅಪ್ಪಣೆಗೂ ಕಾಯದೆ ಬೆನ್ನುಹುರಿ ಕಾಲನ್ನು ಹಿಂದಕ್ಕೆ ಎಳೆಸಿರುತ್ತದೆ, ಕೈ ತಾನಾಗಿ ಬೆರಳನ್ನು ಉಜ್ಜತೊಡಗಿರುತ್ತದೆ. ಉಜ್ಜುವುದು ಬರಿಯ ಸಮಾಧಾನವಲ್ಲ. ವೇಗದ ಸ್ಪರ್ಶಸಂದೇಶಗಳು ಬೆನ್ನುಹುರಿಯಲ್ಲೇ ಆ ನಿಧಾನದ ನೋವಿಗೆ ಅಡ್ಡ ನಿಲ್ಲುತ್ತವೆ.