ಮೀಸೆ, ಗರಿ, ಕೈಗವಸು: ಬರ್ಲೆಸ್ಕ್ ಪ್ರೈಡ್ ವೇದಿಕೆಗೆ ಬಂದ ದಾರಿ

ಕೋಟು, ಟೈ, ಅಂಟಿಸಿದ ಮೀಸೆ. ವೇದಿಕೆಗೆ ಬಂದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಗೊತ್ತಾಗಲಿ ಅಂತ ಅವರಿಗೂ ಇಲ್ಲ. ಸಂಗೀತದ ತಾಳಕ್ಕೆ ಒಂದು ಕೈಗವಸನ್ನು ಬೆರಳು ಬೆರಳಾಗಿ ಎಳೆಯುತ್ತಾರೆ. ಅದೊಂದಕ್ಕೇ ಅರ್ಧ ಹಾಡು ಮುಗಿಯುತ್ತದೆ. ಸಭೆಯಲ್ಲಿ ಸಿಳ್ಳೆ, ಕೂಗು. ಕೋಟು ಕಳಚಿದರೆ ಕೆಂಪು, ಅದರೊಳಗೆ ಕಿತ್ತಳೆ, ಅದರೊಳಗೆ ಹಳದಿ. ಹೀಗೆ ಕಾಮನಬಿಲ್ಲಿನ ಬಣ್ಣಗಳೆಲ್ಲ ಉದುರಿದ ಮೇಲೆ ಉಳಿಯುವುದು ಮಿನುಗುವ ಒಂದಿಷ್ಟು ಬಟ್ಟೆ, ಮತ್ತೆ ಅದೇ ಮೀಸೆ. ಸಲಿಂಗಿಗಳು, ಲಿಂಗಾಂತರಿಗಳು ತಮ್ಮ ಹಕ್ಕಿಗಾಗಿ ಜೂನ್‌ನಲ್ಲಿ ಆಚರಿಸುವ ಪ್ರೈಡ್ ತಿಂಗಳಿನ ಬರ್ಲೆಸ್ಕ್ ಸಂಜೆ ಅಂದರೆ ಹೆಚ್ಚುಕಡಿಮೆ ಹೀಗಿರುತ್ತದೆ.

ಬಟ್ಟೆ ಬಿಚ್ಚುವ ಕುಣಿತಕ್ಕೂ ಹಕ್ಕಿನ ಹೋರಾಟಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಎರಡನ್ನೂ ಸೇರಿಸಿದ್ದು ಬಟ್ಟೆಯೇ, ಆದರೆ ಬಿಚ್ಚಿದ್ದಕ್ಕಿಂತ ಹಾಕಿಕೊಂಡ ಬಟ್ಟೆ.

ಬರ್ಲೆಸ್ಕ್ ಎಂಬ ಪದದ ಬೇರು ಇಟಲಿಯ 'ಬುರ್ಲಾ'. ಹಾಗೆಂದರೆ ಗೇಲಿ, ತಮಾಷೆ. 1830ರ ದಶಕದ ಲಂಡನ್‌ನಲ್ಲಿ ಬರ್ಲೆಸ್ಕ್ ಎಂದರೆ ಅಣಕು ನಾಟಕ. ಗ್ರೀಕ್ ಪುರಾಣ, ಒಪೆರಾ, ಶೇಕ್ಸ್‌ಪಿಯರ್, ದೊಡ್ಡವರು ಗಂಭೀರವಾಗಿ ನೋಡುವ ಯಾವುದನ್ನೂ ಅದು ಬಿಡುತ್ತಿರಲಿಲ್ಲ. ನಾಯಕನ ಪಾತ್ರವನ್ನು ಹೆಂಗಸರೇ ಮಾಡುವುದು ಅದರ ದೊಡ್ಡ ಆಕರ್ಷಣೆ. ಕುಣಿತಕ್ಕೆ ಮೊದಲು ಬಂದದ್ದು ವೇಷ.

1868ರಲ್ಲಿ ಲಿಡಿಯಾ ಥಾಂಪ್ಸನ್ ತನ್ನ 'ಬ್ರಿಟಿಷ್ ಬ್ಲಾಂಡ್ಸ್' ತಂಡದೊಂದಿಗೆ ನ್ಯೂಯಾರ್ಕ್‌ಗೆ ಬಂದಳು. ಗ್ರೀಕ್ ರಾಜ ಇಕ್ಸಿಯನ್‌ನ ಪಾತ್ರ ಅವಳದೇ. ನೆಲ ಮುಟ್ಟುವ ಲಂಗದ ಕಾಲ ಅದು. ಕಾಲಿಗೆ ಬಿಗಿಯಾದ ಉಡುಪು ತೊಟ್ಟು, ಗಂಡಸಿನಂತೆ ನಡೆದು, ರಾಜಕಾರಣಿಗಳ ಮೇಲೆ ಜೋಕು ಹೊಡೆಯುವ ಹೆಂಗಸರನ್ನು ನೋಡಲು ಜನ ಮುಗಿಬಿದ್ದರು. ಪತ್ರಿಕೆಗಳು ಉರಿದುಬಿದ್ದವು. 'ಶಿಕಾಗೋ ಟೈಮ್ಸ್' ಸಂಪಾದಕ ವಿಲ್ಬರ್ ಸ್ಟೋರಿ ತಂಡದವರ ನಡತೆಯ ಬಗ್ಗೆ ಕೆಟ್ಟದಾಗಿ ಬರೆದಾಗ, 1870ರಲ್ಲಿ ಥಾಂಪ್ಸನ್ ಅವನನ್ನು ಬೀದಿಯಲ್ಲೇ ಅಡ್ಡಗಟ್ಟಿ ಚಾವಟಿಯಿಂದ ಬಾರಿಸಿದಳು. ದಂಡ ಕಟ್ಟಿದಳು. ಅವಳ ಹೆಸರು ಇನ್ನಷ್ಟು ಊರುಗಳಿಗೆ ತಲುಪಿತು. ಕಾಲು ಕಂಡದ್ದಕ್ಕಿಂತ ಆ ಕಾಲಿನವಳು ತಿರುಗಿ ಮಾತಾಡಿದ್ದೇ ಜಾಸ್ತಿ ಕೋಪ ತರಿಸಿತ್ತು ಅಂತ ನನಗನಿಸುತ್ತದೆ.

ಅಮೆರಿಕದಲ್ಲಿ ನಿಧಾನವಾಗಿ ಅಣಕು ಹಿಂದೆ ಸರಿಯಿತು, ಬಿಚ್ಚುವಿಕೆ ಮುಂದೆ ಬಂತು. 1920ರ ದಶಕದ ಹೊತ್ತಿಗೆ ನ್ಯೂಯಾರ್ಕ್‌ನ ಮಿನ್‌ಸ್ಕಿ ಸಹೋದರರ ಥಿಯೇಟರುಗಳಿಗೆ ಸ್ಟ್ರಿಪ್‌ಟೀಸ್ ಬಂಡವಾಳವಾಗಿತ್ತು. 1933ರ ಶಿಕಾಗೋ ಮೇಳದಲ್ಲಿ ಸ್ಯಾಲಿ ರ‍್ಯಾಂಡ್ ಉಷ್ಟ್ರಪಕ್ಷಿಯ ಗರಿಯ ಎರಡು ದೊಡ್ಡ ಬೀಸಣಿಗೆ ಹಿಡಿದು ಕುಣಿದಳು. ಕಾಣಿಸಿತು ಅನ್ನುವಷ್ಟರಲ್ಲಿ ಬೀಸಣಿಗೆ ಅಡ್ಡ ಬರುತ್ತಿತ್ತು. ಜಿಪ್ಸಿ ರೋಸ್ ಲೀ ಬಿಚ್ಚುತ್ತಿದ್ದದ್ದು ಕಡಿಮೆ, ಮಾತಾಡುತ್ತಿದ್ದದ್ದು ಜಾಸ್ತಿ. ಇವತ್ತಿನವರು ಗುರುವೆಂದು ನೆನೆಯುವುದು ಇಂಥವರನ್ನೇ.

ಅದೇ ಕಾಲದಲ್ಲಿ, ಅದೇ ನ್ಯೂಯಾರ್ಕ್‌ನಲ್ಲಿ, ಇನ್ನೊಂದು ವೇದಿಕೆಯೂ ತುಂಬಿ ತುಳುಕುತ್ತಿತ್ತು. ಹಾರ್ಲೆಮ್‌ನಲ್ಲಿ ಗ್ಲ್ಯಾಡಿಸ್ ಬೆಂಟ್ಲಿ ಎಂಬ ಕಪ್ಪು ಗಾಯಕಿ ಗಂಡಸರ ಬಿಳಿ ಟಕ್ಸಿಡೊ ಸೂಟು, ಎತ್ತರದ ಟೋಪಿ ಹಾಕಿಕೊಂಡು ಪಿಯಾನೊ ನುಡಿಸುತ್ತ ಪೋಲಿ ಹಾಡು ಹೇಳುತ್ತಿದ್ದಳು. ಹೆಂಗಸರ ಮೇಲಿನ ತನ್ನ ಪ್ರೀತಿಯನ್ನು ಮುಚ್ಚಿಡುತ್ತಿರಲಿಲ್ಲ. 1930ರ ಆಸುಪಾಸಿನಲ್ಲಿ ಇಂಥ ಕ್ಲಬ್ಬುಗಳಿಗೆ ಎಷ್ಟು ಬೇಡಿಕೆ ಬಂತೆಂದರೆ ಆ ಹುಚ್ಚಿಗೆ 'ಪ್ಯಾನ್ಸಿ ಕ್ರೇಜ್' ಎಂದೇ ಹೆಸರು ಬಿತ್ತು. ಪ್ಯಾನ್ಸಿ ಅಂದರೆ ಸಲಿಂಗಿ ಗಂಡಸರನ್ನು ಕರೆಯುತ್ತಿದ್ದ ಆಡುಮಾತು.

ಎರಡಕ್ಕೂ ಬೀಗ ಹಾಕಿದ್ದು ಲೈಸೆನ್ಸ್ ಕಚೇರಿ. 1937ರಲ್ಲಿ ಮೇಯರ್ ಲಾಗಾರ್ಡಿಯಾ ಆಡಳಿತ ಬರ್ಲೆಸ್ಕ್ ಥಿಯೇಟರುಗಳ ಲೈಸೆನ್ಸ್ ನವೀಕರಿಸಲಿಲ್ಲ. ಆಮೇಲೆ ಕೆಲವು ತೆರೆದರೂ ಬೋರ್ಡಿನ ಮೇಲೆ 'ಬರ್ಲೆಸ್ಕ್' ಎಂದಾಗಲಿ 'ಮಿನ್‌ಸ್ಕಿ' ಎಂದಾಗಲಿ ಬರೆಯುವಂತಿರಲಿಲ್ಲ. ಒಂದು ಪದಕ್ಕೇ ನಿಷೇಧ! ಅತ್ತ ಪಾನನಿಷೇಧ ಮುಗಿದ ಮೇಲೆ ಬಂದ ಮದ್ಯದ ನಿಯಮಗಳ ಹೆಸರಿನಲ್ಲಿ, ಸಲಿಂಗಿಗಳು ಸೇರುವ ಬಾರುಗಳನ್ನು 'ಅಶಿಸ್ತಿನ ಜಾಗ' ಎಂದು ಮುಚ್ಚಿಸಲಾಯಿತು.

ಬೀದಿಯಲ್ಲಿ ಇನ್ನೂ ಕಷ್ಟ. ನ್ಯೂಯಾರ್ಕ್‌ನಲ್ಲಿ 1845ರ ಒಂದು ಕಾನೂನಿತ್ತು. ಗೇಣಿ ವಿರುದ್ಧ ಎದ್ದ ರೈತರು ವೇಷ ಮರೆಸಿಕೊಂಡು ಅಧಿಕಾರಿಗಳ ಮೇಲೆ ಬೀಳುತ್ತಿದ್ದರೆಂದು ಮಾಡಿದ ಕಾನೂನು ಅದು. ನೂರು ವರ್ಷದ ನಂತರ ಪೊಲೀಸರು ಅದನ್ನೇ ಎತ್ತಿಕೊಂಡು, ಸೀರೆಯಂಚಿಗೆ ಸಿಕ್ಕ ಮುಳ್ಳಿನಂತೆ, ಲಂಗ ತೊಟ್ಟ ಗಂಡಸನ್ನೂ ಪ್ಯಾಂಟು ತೊಟ್ಟ ಹೆಂಗಸನ್ನೂ ಹಿಡಿಯುತ್ತಿದ್ದರು. ಹುಟ್ಟಿದ ಲಿಂಗಕ್ಕೆ ತಕ್ಕ ಮೂರು ಬಟ್ಟೆಯಾದರೂ ಮೈಮೇಲಿರಬೇಕು ಎಂಬ 'ಮೂರು ಬಟ್ಟೆ ನಿಯಮ'ವನ್ನು ಆ ಕಾಲದವರು ಅನೇಕರು ನೆನೆಯುತ್ತಾರೆ. ಟಿಕೆಟ್ ಕೊಟ್ಟು ಒಳಗೆ ಹೋದರೆ ಕಲೆ, ಹೊರಗೆ ಬಂದರೆ ಅಪರಾಧ.

ಈ ಎರಡರ ನಡುವಿನ ಬಾಗಿಲಲ್ಲಿ ನಿಂತಿದ್ದವರು ಸ್ಟಾರ್ಮೆ ಡಿಲಾರ್ವೆರಿ. 1939ರಲ್ಲಿ ಮಯಾಮಿಯಲ್ಲಿ ಶುರುವಾದ 'ಜ್ಯುವೆಲ್ ಬಾಕ್ಸ್ ರೆವ್ಯೂ' ಡ್ರ್ಯಾಗ್ ಕಲಾವಿದರ, ಅಂದರೆ ಗಂಡು ಹೆಣ್ಣಿನ, ಹೆಣ್ಣು ಗಂಡಿನ ವೇಷ ಹಾಕಿ ರಂಜಿಸುವವರ ತಂಡ. 'ಇಪ್ಪತ್ತೈದು ಗಂಡಸರು, ಒಬ್ಬ ಹುಡುಗಿ' ಎಂದು ಅದರ ಜಾಹೀರಾತು. ವೇದಿಕೆ ತುಂಬ ಗರಿ, ಗೌನು, ಮಿನುಗು ತೊಟ್ಟ 'ಹೆಂಗಸರು'. ಅವರಲ್ಲಿ ಹುಡುಗಿ ಯಾರೆಂದು ಪ್ರೇಕ್ಷಕರು ಕೊನೆತನಕ ಹುಡುಕಬೇಕು. ಕೊನೆಗೆ ನೋಡಿದರೆ, ಅಷ್ಟು ಹೊತ್ತೂ ಸೂಟು ಹಾಕಿಕೊಂಡು ನಿರೂಪಣೆ ಮಾಡುತ್ತಿದ್ದ 'ಗಂಡಸೇ' ಆ ಹುಡುಗಿ, ಸ್ಟಾರ್ಮೆ. 1955ರಿಂದ 1969ರವರೆಗೆ ಅವರದು ಇದೇ ಕೆಲಸ. 1969ರ ಜೂನ್ 28ರ ನಸುಕಿನಲ್ಲಿ, ಸಲಿಂಗಿಗಳು ಸೇರುತ್ತಿದ್ದ ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಇನ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅವರು ಅಲ್ಲಿದ್ದರು. ಪೊಲೀಸರೊಂದಿಗೆ ಮೊದಲು ಸೆಣಸಿದ ಹೆಂಗಸು ಇವರೇ ಅಂತ ಹಲವರು ಹೇಳುತ್ತಾರೆ. ಅದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಆ ರಾತ್ರಿಯ ಪ್ರತಿರೋಧದ ನೆನಪಿಗೆ ಮುಂದಿನ ವರ್ಷ ಅದೇ ದಿನ ನ್ಯೂಯಾರ್ಕ್‌ನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು.

ಆದರೆ ಆಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 1973ರ ಪ್ರೈಡ್ ಸಭೆಯಲ್ಲಿ, ಡ್ರ್ಯಾಗ್‌ನವರ, ಲಿಂಗಾಂತರಿಗಳ ಪರ ಹೋರಾಡುತ್ತಿದ್ದ ಸಿಲ್ವಿಯಾ ರಿವೆರಾ ಮಾತಾಡಲು ಎದ್ದಾಗ ಕೂಗಿ ಕೆಳಗಿಳಿಸಲು ನೋಡಿದ್ದು ಹೊರಗಿನವರಲ್ಲ, ಹೋರಾಟದ ಜನವೇ. ಡ್ರ್ಯಾಗ್ ಎಂದರೆ ಹೆಂಗಸರನ್ನು ಗೇಲಿ ಮಾಡುವುದು ಎಂದು ಕೆಲವು ಸ್ತ್ರೀವಾದಿಗಳ ವಾದ. ಮರ್ಯಾದಸ್ಥರಂತೆ ಕಾಣಬೇಕೋ, ಇದ್ದಂತೆ ಕಾಣಬೇಕೋ ಎಂಬ ಜಗಳ ಪ್ರೈಡ್‌ನೊಳಗೆ ಪ್ರತಿ ಜೂನ್‌ಗೂ ಏಳುತ್ತದೆ.

ಅಷ್ಟರಲ್ಲಿ ಬರ್ಲೆಸ್ಕ್ ಸತ್ತೇಹೋಗಿತ್ತು. ಎಲ್ಲ ತೋರಿಸುವ ಸಿನಿಮಾ, ಕ್ಲಬ್ಬುಗಳು ಬಂದ ಮೇಲೆ ಕೈಗವಸು ಬಿಚ್ಚುವುದನ್ನು ಯಾರು ನೋಡುತ್ತಾರೆ? ಅದರ ನೆನಪು ಉಳಿದದ್ದು ಕ್ಯಾಲಿಫೋರ್ನಿಯಾ ಮರುಭೂಮಿಯ ಒಂದು ಹಳೆಯ ಮೇಕೆ ಫಾರ್ಮಿನಲ್ಲಿ. ನರ್ತಕಿ ಜೆನ್ನಿ ಲೀ ಕೂಡಿಟ್ಟ ಗೌನು, ಬೀಸಣಿಗೆ, ಫೋಟೋಗಳನ್ನು ಅವಳು ತೀರಿಕೊಂಡ ಮೇಲೆ ಗೆಳತಿ ಡಿಕ್ಸಿ ಇವಾನ್ಸ್ ಕಾಪಾಡಿದಳು. ಜನರನ್ನು ಸೆಳೆಯಲು 1990ರ ದಶಕದ ಆರಂಭದಲ್ಲಿ ಒಂದು ಸ್ಪರ್ಧೆ ಶುರು ಮಾಡಿದಳು. ಆ ದಶಕದಲ್ಲೇ ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ಹೊಸ ತಲೆಮಾರು ಬರ್ಲೆಸ್ಕನ್ನು ಮತ್ತೆ ಕೈಗೆತ್ತಿಕೊಂಡಿತು. ಡ್ರ್ಯಾಗ್‌ನವರೂ ಇವರೂ ಒಂದೇ ಬಾರಿನ ಒಂದೇ ಗ್ರೀನ್‌ರೂಮಿನಲ್ಲಿ ಮೇಕಪ್ ಹಂಚಿಕೊಂಡರು. ಗೇಲಿಯೂ ವಾಪಸ್ ಬಂತು. 2006ರಲ್ಲಿ ಆ ಸ್ಪರ್ಧೆ ಲಾಸ್ ವೇಗಸ್‌ಗೆ ಬಂದಾಗ ಗಂಡಸರಿಗೂ ಬಿರುದು ಸಿಕ್ಕಿತು. ಗೆದ್ದವನ ವೇದಿಕೆ ಹೆಸರು ಟಿಗರ್. ಗಂಡಸರ ಈ ಪ್ರಕಾರಕ್ಕೆ 'ಬಾಯ್‌ಲೆಸ್ಕ್' ಎನ್ನುತ್ತಾರೆ.

2023ರ ಮಾರ್ಚ್‌ನಲ್ಲಿ ಅಮೆರಿಕದ ಟೆನಿಸಿ ರಾಜ್ಯ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಒಂದು ಕಾನೂನು ಮಾಡಿತು. ಸಾರ್ವಜನಿಕ ಜಾಗದಲ್ಲಿ 'ವಯಸ್ಕರ ಕ್ಯಾಬರೆ'ಗೆ ಕಡಿವಾಣ. ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ಸಂವಿಧಾನ ವಿರೋಧಿ ಎಂದರು. 2024ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ, ದಾವೆ ಹೂಡಿದವರಿಗೆ ಆ ಅಧಿಕಾರವೇ ಇಲ್ಲವೆಂದು ಆ ತೀರ್ಪನ್ನು ತಳ್ಳಿಹಾಕಿತು. ಆ ಕಾನೂನು 'ವಯಸ್ಕರ ಕ್ಯಾಬರೆ'ಗೆ ಕೊಟ್ಟ ವ್ಯಾಖ್ಯೆ ಓದಿದರೆ ತಮಾಷೆ ಅನಿಸುತ್ತದೆ. ಗೋ-ಗೋ ನರ್ತಕರು, ಎಕ್ಸಾಟಿಕ್ ನರ್ತಕರು, ಸ್ಟ್ರಿಪ್ಪರುಗಳು, ಅವರ ಬೆನ್ನಿಗೇ 'ಗಂಡಿನ ಅಥವಾ ಹೆಣ್ಣಿನ ವೇಷ ಹಾಕುವವರು'. ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ.